ಅವ್ವನ ಕಣ್ಣು

ಬಾಥೆಲ್
ಆಗಸ್ಟ್ ೨೦೧೬

ಕೇಲಾ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಕೈ ಏಳಲಿಲ್ಲ, ಬಿಟ್ಟೆ. ನಿನಗೆ ಕನ್ನಡ ಓದಲು ಬಾರದು ಎಂಬುದೊಂದೇ ನನ್ನ ಧೈರ್ಯ. ಇಂಗ್ಲಿಷಿನಲ್ಲಿ ನಾನು ಬಹಳ ಒಳ್ಳೆಯ ಹೆಂಗಸು. “ಐ ಯಾಮ್ ಸೋ ಹ್ಯಾಪಿ ಫಾರ್ ಯೂ” ಎಂದು ಕೋರ್ಟಿನ ಹೊರಗೆ ನಿನ್ನನ್ನು ಅಪ್ಪಿಕೊಂಡವಳು ಅವಳೇ. ಕನ್ನಡದವಳಿಗೆ ಮಾತ್ರ ನಿನ್ನನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಶನಿವಾರ ಜೋಸಿ ನಿನ್ನ ಮನೆಗೆ ಬರುತ್ತಾಳೆ, ಇನ್ನು ಅಲ್ಲೇ ಇರಲು. ನ್ಯಾಯಾಧೀಶರು ಹೇಳಿಯಾಯಿತು. ನೀನು ಕುಡಿತ ಬಿಟ್ಟೆ, ಕೆಲಸ ಹಿಡಿದೆ, ಫೆರಿ ದೋಣಿಯಲ್ಲಿ ದಾಟಿ ಹೋಗುವ ದ್ವೀಪದಲ್ಲಿ ಬಾಡಿಗೆ ಮನೆ ಮಾಡಿದೆ. ಬೊಟ್ಟು ಮಾಡಿ ತೋರಿಸಲು ನನಗೊಂದು ತಪ್ಪನ್ನೂ ಉಳಿಸಲಿಲ್ಲ. ಮಗುವನ್ನು ನಿಮಗೆ ಕೊಡುತ್ತಿಲ್ಲ, ಅದರ ತಾಯಿ ಸುಧಾರಿಸುವವರೆಗೆ ಸಾಕಲು ಬಿಡುತ್ತಿದ್ದೇವೆ ಎಂದು ಮಕ್ಕಳ ಇಲಾಖೆಯವರು ಮೊದಲ ದಿನವೇ ನಮಗೆ ಹೇಳಿದ್ದರು. ನನ್ನ ಗಂಡ ಪ್ರಶಾಂತ ಅದನ್ನು ನೆನಪಿಟ್ಟುಕೊಂಡ. ನಾನು ಬೇಕೆಂದೇ ಮರೆತೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿನ್ನ ಹೆಗ್ಗಣ ನಮ್ಮ ಮನೆಗೆ ಬಂದಾಗ ಮೂರು ವರ್ಷದ್ದು. ಚಪಾತಿಯ ಚೂರುಗಳನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿತ್ತು, ನಾಳೆ ಸಿಗುತ್ತದೋ ಇಲ್ಲವೋ ಎಂದು. ತಲೆ ಬಾಚಲು ಹೋದರೆ ಕಚ್ಚುತ್ತಿತ್ತು. ನನ್ನ ಮುಂಗೈ ಮೇಲೆ ಆ ಕಲೆ ಇನ್ನೂ ಇದೆ. ಆಮೇಲೆ ಒಂದು ಬೆಳಿಗ್ಗೆ ತಾನೇ ಬಾಚಣಿಗೆ ಹಿಡಿದುಕೊಂಡು ಬಂದು ನನ್ನ ತೊಡೆಯ ಮೇಲೆ ಕುಳಿತಳು. ಆ ದಿನ ನಾನು ಆಫೀಸಿಗೆ ಹೋಗಲೇ ಇಲ್ಲ. ಗದಗಿನಲ್ಲಿರುವ ನನ್ನ ತಾಯಿ ಬಸವಣ್ಣೆವ್ವನನ್ನು ನಾನು ಫೋನಿನಲ್ಲಿ ‘ಅವ್ವಾ’ ಎನ್ನುವುದನ್ನು ಕೇಳಿ ಕೇಳಿ ಜೋಸಿ ನನ್ನನ್ನೂ ಹಾಗೆಯೇ ಕರೆಯತೊಡಗಿದಳು. ಅದರ ಅರ್ಥ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ಸುಮ್ಮನೆ ‘ಓ’ ಎಂದೆ.

ಆದರೆ ಮೊಣಕಾಲು ತರಚಿದರೆ ಅವಳು ಕೂಗುವುದು ‘ಮಮ್ಮಿ’ ಎಂದೇ. ನನ್ನ ತೋಳಿನಲ್ಲಿ ಇದ್ದುಕೊಂಡು, ನನ್ನ ಕುತ್ತಿಗೆಗೆ ಮೂಗು ಒರೆಸುತ್ತ ನಿನ್ನನ್ನು ಕೂಗುತ್ತಾಳೆ. ಯುಗಾದಿಗೆ ಶೇಂಗಾ ಹೋಳಿಗೆ ಮಾಡಿದ್ದೆ. ಅರ್ಧ ತಿಂದು ಉಳಿದರ್ಧವನ್ನು ಟಿಶ್ಯೂನಲ್ಲಿ ಸುತ್ತಿಟ್ಟಳು. “ಫಾರ್ ಮಮ್ಮಿ” ಅಂದಳು. ಶೇಂಗಾ ಹುರಿದವಳು ನಾನು, ಬೆಲ್ಲ ಕುಟ್ಟಿದವಳು ನಾನು, ಬೆರಳು ಸುಟ್ಟುಕೊಂಡವಳು ನಾನು. ಪಾಲು ಪಡೆದವಳು ನೀನು! ಒಬ್ಬ ಗಂಡನಿಗೆ ಇಬ್ಬರು ಹೆಂಡಿರಾದರೆ ಸವತಿಯರು ಎನ್ನುತ್ತೇವೆ. ಒಬ್ಬ ಮಗಳಿಗೆ ಇಬ್ಬರು ತಾಯಂದಿರಾದರೆ ಏನೆನ್ನಬೇಕೋ ನನಗೆ ತಿಳಿಯದು.

ನಿನ್ನನ್ನು ನೋಡಿ ಬಂದ ದಿನವೆಲ್ಲ ಜೋಸಿಯದು ರಂಪ. ಊಟ ಬೇಡ, ಸ್ನಾನ ಬೇಡ. ನಮ್ಮವ್ವನಿಗೆ ಹೇಳಿದರೆ, “ನೆದರ ಆಗೇದವಾ ಕೂಸಿಗೆ. ಹಡದಾಕಿ ಕಣ್ಣ ಭಾಳ ಲಗೂನ ಬಡೀತದ. ಉಪ್ಪ ನಿವಾಳಿಸಿ ನೀರಾಗ ಒಗಿ” ಎಂದಳು. ದೃಷ್ಟಿ ತಾಗಿದೆ, ಅದೂ ಹೆತ್ತವಳದ್ದೇ ಎಂದು! ನನಗೆ ಬೇಕಾಗಿದ್ದೂ ಅದೇ. ಮೆಣಸಿನಕಾಯಿ ಸುಟ್ಟರೆ ಇಲ್ಲಿ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ, ಹಾಗಾಗಿ ಬರೀ ಉಪ್ಪು. ಮುಷ್ಟಿ ಹಿಡಿದು ಅವಳ ಮುಖದ ಸುತ್ತ ನಿವಾಳಿಸಿ, “ನಾಯಿ ಕಣ್ಣ, ನರಿ ಕಣ್ಣ, ಹೋದವರ ಕಣ್ಣ, ಬಂದವರ ಕಣ್ಣ, ತಾಯಿ ಕಣ್ಣ” ಎಂದು ಹೇಳಿ ಸಿಂಕಿನ ನೀರಿಗೆ ಬಿಡುತ್ತಿದ್ದೆ. ಕೊನೆಯದನ್ನು ಒತ್ತಿ ಹೇಳುತ್ತಿದ್ದೆ. ಅದು ನಿನ್ನ ಕಣ್ಣು, ಕೇಲಾ. ಜೋಸಿಗೆ ಇದೊಂದು ಆಟ. ಒಂದು ದಿನ ಕೇಳಿದಳು, “ಅವ್ವಾ, ವಾಟ್ ಈಸ್ ತಾಯಿ?” ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ: “ತಾಯಿ ಅಂದ್ರ ಅವ್ವ.”

ಹೋದ ತಿಂಗಳು ಮುಕಿಲ್ಟಿಯೊದ ಫೆರಿಯ ಪಕ್ಕದ ಪಾರ್ಕಿನಲ್ಲಿ ಅವಳನ್ನು ನಿನ್ನ ಬಳಿ ಬಿಟ್ಟು ಎಂದಿನಂತೆ ಕಾರಿನಲ್ಲಿ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಜಾಕೆಟ್ ಕೊಡಲು ಬಂದೆನಲ್ಲ, ಅದು ನೆಪ. ನೀವಿಬ್ಬರೂ ನಗುವುದು ಕೇಳಿಸಿತ್ತು, ತಡೆಯಲಾಗಲಿಲ್ಲ. ನಿನ್ನನ್ನು ಮರದ ದಿಮ್ಮಿಯ ಮೇಲೆ ಕೂರಿಸಿ, ಫ್ರೈಸ್ ಜೊತೆ ಬಂದ ಉಪ್ಪಿನ ಪೊಟ್ಟಣ ಹರಿದು, ಜೋಸಿ ನಿನ್ನ ಮುಖದ ಸುತ್ತ ಮುಷ್ಟಿ ತಿರುಗಿಸುತ್ತಿದ್ದಳು. ನಾಯಿ ಕಣ್ಣ, ನರಿ ಕಣ್ಣ, ಹೋದವರದು, ಬಂದವರದು, ಎಲ್ಲ ಸರಿಯಾಗಿಯೇ ಹೇಳಿದಳು. ಕೊನೆಗೆ ‘ತಾಯಿ’ ಮರೆತುಹೋಯಿತು. ಕಣ್ಣು ಮುಚ್ಚಿ ಯೋಚಿಸಿ, “ಅವ್ವನ ಕಣ್ಣ!” ಎಂದು ಉಪ್ಪನ್ನು ಸಮುದ್ರಕ್ಕೆ ಎಸೆದಳು.

“ಏನು ಹಾಗಂದರೆ?” ಎಂದು ನೀನು ನಗುತ್ತ ನನ್ನನ್ನು ಕೇಳಿದೆ. “ಬ್ಲೆಸಿಂಗ್” ಎಂದೆ. ಅವಳು ಹೇಳಿದ್ದು ಇಷ್ಟು: ನನ್ನ ಕಣ್ಣು ನಿನಗೆ ತಾಗದಿರಲಿ. ತಿಳಿಯದೆ ಹೇಳಿದರೂ ತಪ್ಪು ಹೇಳಲಿಲ್ಲ. ಆ ದಂಡೆಯಲ್ಲಿ ನಿನ್ನ ಮೇಲೆ ಬಿದ್ದಿದ್ದ ಕೆಟ್ಟ ಕಣ್ಣು ನನ್ನದೊಂದೇ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಮೊದಲು ಖುಷಿಯಾಯಿತು, ಅದನ್ನು ಯಾರಿಗೆ ಹೇಳಲಿ? ತಾಯಿ ಎನ್ನಬೇಕಾದ ಕಡೆ ಅವಳ ಬಾಯಿಗೆ ಬಂದದ್ದು ನಾನು.

ಶನಿವಾರ ಅವಳ ಬ್ಯಾಗಿನಲ್ಲಿ ಒಂದು ಡಬ್ಬಿ ಕಲ್ಲುಪ್ಪು ಇಡುತ್ತೇನೆ. ಹಟ ಮಾಡಿದ ದಿನ ನಿವಾಳಿಸು ಎಂದು ಇಂಗ್ಲಿಷಿನಲ್ಲಿ, ಆ ಒಳ್ಳೆಯ ಹೆಂಗಸಿನ ದನಿಯಲ್ಲಿ ಹೇಳುತ್ತೇನೆ. ಮಾತುಗಳನ್ನು ಜೋಸಿಯೇ ಕಲಿಸುತ್ತಾಳೆ. ಸಣ್ಣ ಮಕ್ಕಳು ಬೇಗ ಮರೆಯುತ್ತಾರೆ. ಹೋಳಿಗೆ ಮರೆಯುತ್ತಾಳೆ, ನನ್ನ ಮುಖವೂ ಮರೆಯುತ್ತದೆ. ನಾಯಿ, ನರಿ ಬಿಟ್ಟುಹೋದರೂ ಚಿಂತೆಯಿಲ್ಲ, ಕೊನೆಯದನ್ನು ಮಾತ್ರ ಬಿಡಿಸಬೇಡ. ನನ್ನ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುವುದಲ್ಲ, ನಿನಗೆ ಅದು ಬೇಕಾಗುತ್ತದೆ. ಆ ನೆಪದಲ್ಲಾದರೂ ನಿನ್ನ ಮನೆಯಲ್ಲಿ ಅವಳು ‘ಅವ್ವ’ ಎನ್ನುತ್ತಿರಲಿ.

ತಾಯಿ ಮಗಳು ನೂರು ಕಾಲ ತಣ್ಣಗಿರಿ. ನನ್ನ ಕಣ್ಣು ನಿಮಗೆ ತಾಗದಿರಲಿ.

ಜೋಸಿಯ ಅವ್ವ,
ಸ್ಮಿತಾ