ನಿಮ್ಮ ಬೋರ್ಡಿನಲ್ಲಿ ಹೂವಮ್ಮನ ನಂಬರು

ಪ್ರವಾಸಿ ಮಾಹಿತಿ ಕೇಂದ್ರದ ಮಾನ್ಯ ಅಧಿಕಾರಿಗಳೇ,

ಅಂಜನಾಪುರದ ಡ್ಯಾಮಿನ ಬಳಿ ತಾವು ನೆಟ್ಟಿರುವ ಬೋರ್ಡಿನಲ್ಲಿ ‘ಮಾಹಿತಿಗಾಗಿ ಸಂಪರ್ಕಿಸಿ’ ಎಂದು ಬರೆದಿರುವ ಮೊಬೈಲ್ ನಂಬರು ನಿಮ್ಮದಲ್ಲ, ನಮ್ಮ ಅವ್ವ ಹೂವಮ್ಮನದು. ಕೊನೆಯ ಅಂಕಿ ತಪ್ಪಿದೆ. ಆರು ತಿಂಗಳಿಂದ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಪ್ರವಾಸೋದ್ಯಮವನ್ನು ಆಕೆಯೇ ನಡೆಸುತ್ತಿದ್ದಾಳೆ. ತಮಗೂ ತಿಳಿದಿರಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಸೇವೆಯಲ್ಲಿ ಕೊರತೆಯೇನೂ ಇಲ್ಲ. ಚಂದ್ರಗುತ್ತಿಗೆ ಬಸ್ಸು ಯಾವಾಗ, ಬಳ್ಳಿಗಾವಿಯಲ್ಲಿ ಊಟ ಸಿಗುತ್ತದೆಯೇ, ಎಲ್ಲಕ್ಕೂ ಉತ್ತರವುಂಟು. ಬೋಟಿಂಗ್ ಇದೆಯಾ ಎಂದವರಿಗೆ, “ದೋಣಿ ಗೀಣಿ ನಾ ಕಂಡಿಲ್ಲಪ್ಪ. ನೀರು ಬಾಳ ಐತಿ, ಇಳೀಬ್ಯಾಡ್ರಿ. ಮಕ್ಕಳ ಕೈ ಹಿಡ್ಕಳ್ರಿ” ಎಂದಳು. ಈಸೂರಿಗೆ ದಾರಿ ಕೇಳಿದವರಿಗೆ ಕುರಿ ಹೋಗುವ ದಾರಿ ಹೇಳಿ, ಅವರ ಕಾರು ಕೆಸರುಗದ್ದೆಗೆ ಇಳಿದದ್ದೊಂದೇ ನಮ್ಮ ಕಡೆಯ ಲೋಪ. ಕ್ಷಮೆಯಿರಲಿ.

ದೂರು ಕೊಡಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೆಯ ಸಲ ಸಿಬ್ಬಂದಿಯೊಬ್ಬರು ಫೈಲಿನಿಂದ ತಲೆಯೆತ್ತಿ ಪರಿಹಾರ ದಯಪಾಲಿಸಿದರು: “ಗೊತ್ತಿಲ್ಲದ ನಂಬರ್ ಎತ್ತಬ್ಯಾಡ ಅನ್ರೀ ನಿಮ್ಮ ಅಮ್ಮಂಗೆ.” ಆಹಾ, ಎಂಥ ಬುದ್ಧಿ! ಸ್ವಾಮಿ, ನಮ್ಮಪ್ಪ ಸಣ್ಣಬೀರಪ್ಪ ಕುರಿ ಹೊಡೆದುಕೊಂಡು ವರ್ಷದಲ್ಲಿ ಏಳು ತಿಂಗಳು ಊರೂರು ತಿರುಗುವವನು. ಅವನ ಹತ್ತಿರ ಫೋನಿಲ್ಲ. ಕೊಡಿಸಿದ ಎರಡನ್ನೂ ಕಳೆದುಕೊಂಡಿದ್ದಾನೆ. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ಕುರಿ ನಿಲ್ಲಿಸುತ್ತಾನೋ ಆ ಹೊಲದವರ ಫೋನಿನಿಂದ ಮಾತಾಡುತ್ತಾನೆ. ಅವನಿಗೆ ಬಾಯಿಪಾಠವಿರುವುದು ಅವ್ವನ ನಂಬರೊಂದೇ. ನಮ್ಮ ಪಾಲಿಗೆ ಗೊತ್ತಿಲ್ಲದ ನಂಬರೆಂದರೆ ಅಪ್ಪ. ಎತ್ತದೆ ಇರುವುದು ಹೇಗೆ? ನಂಬರು ಬದಲಿಸಿದರೆ ಅವನಿಗೆ ಹೇಳುವವರು ಯಾರು?

ಹೋದ ವಾರ ದಾವಣಗೆರೆ ಕಡೆಯ ಹೊಲವೊಂದರಲ್ಲಿ ಅಪ್ಪನಿಗೆ ಎದೆನೋವು ಬಂತು. ಹೊಲದ ಯಜಮಾನ ಮಲ್ಲೇಶಪ್ಪನವರು ನಾಲ್ಕು ಸಲ ಫೋನು ಮಾಡಿದರು. ನಾಲ್ಕು ಸಲವೂ ಬ್ಯುಸಿ. ಕೊನೆಗೆ ಆ ಪುಣ್ಯಾತ್ಮರೇ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಮಾರನೆಯ ದಿನ ಅವರ ಕರೆ ಸಿಕ್ಕ ಮೇಲೆ ನಾವು ಓಡಿದೆವು. ಅಪ್ಪ ಬದುಕಿದ್ದ. ಅವ್ವನನ್ನು ನೋಡಿ ಕೇಳಿದ್ದು ಒಂದೇ ಮಾತು:

“ಯಾರ ಕೂಡ ಮಾತಾಡ್ತಿದ್ದೆ?”

“ಬೆಂಗಳೂರಿನೋರ ಕೂಡ. ರೂಮಲ್ಲಿ ಬಿಸಿನೀರು ಬರತೈತಾ ಅಂತ ಕೇಳ್ತಿದ್ರು” ಎಂದು ಅವ್ವ ಅತ್ತುಬಿಟ್ಟಳು. ಅಪ್ಪ ಗೋಡೆ ಕಡೆ ಹೊರಳಿ ಮಲಗಿದ. ನನಗೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ಬರುವ ಸೋಮವಾರ ಅವನು, ಡಾಕ್ಟರ ಮಾತನ್ನೂ ಕೇಳದೆ, ಮತ್ತೆ ಕುರಿಗಳತ್ತ ಹೊರಡುತ್ತಾನೆ. ಅಷ್ಟರೊಳಗೆ ಆ ನಂಬರು ಅಳಿಸಿ. ಬಣ್ಣಕ್ಕೆ ಅನುದಾನ ಬಂದಿಲ್ಲವೆಂದರೆ ಹೇಳಿ: ಕುರಿಗೆ ಗುರುತು ಹಾಕುವ ಕೆಂಪು ಬಣ್ಣ ಮನೆಯಲ್ಲಿದೆ, ನಾನೇ ಬಂದು ಬಳಿಯುತ್ತೇನೆ.

ಇಂತಿ,
ಇದನ್ನು ಬರೆಯುವಾಗಲೂ ಅವ್ವನ ಫೋನಿಗೆ ಬಂದ ಪ್ರವಾಸಿಗರ ಎರಡು ಕರೆ ಎತ್ತಿದ
ಸಂಗೀತ
ಶಿಕಾರಿಪುರ ತಾಲ್ಲೂಕು