ನೀನು ಹೇಳುತ್ತಿದ್ದ ಜಂಬೋನ ಕಥೆ

ನನ್ನ ಮನೆಯಾಕೆಗೆ,

ಹೂಂ, ನಿನ್ನೆಯ ಕಾಗದದಲ್ಲಿ ಜಿರಾಫೆಗಳ ಎದುರಿನ ಬೆಂಚಿನವರೆಗೆ ಬರೆದಿದ್ದೆ. ಮುಂದಿನದನ್ನು ಬರೆಯಲು ನಾಚಿಕೆಯಾಗಿ ಪೆನ್ನು ಮುಚ್ಚಿಟ್ಟೆ.

ಅಮೆರಿಕಕ್ಕೆ ಬಂದು ಈ ಲಿವೋನಿಯಾ ಸುತ್ತಮುತ್ತ ನೆಲೆಸಿದ ನಾವು ಕನ್ನಡದ ಹಿರಿಯರೆಲ್ಲ ಶನಿವಾರ ಬಸ್ಸಿನಲ್ಲಿ ಝೂಗೆ ಹೋಗಿದ್ದೆವಲ್ಲ, ಆ ಬೆಂಚಿನಲ್ಲಿ ನನ್ನ ಪಕ್ಕ ಕುಳಿತವರು ಡಾಕ್ಟರ್ ಲಲಿತಾ. ಧಾರವಾಡದವರು, ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮನೆ, ನಿನ್ನ ಹಾಗೆ ಅವರ ಯಜಮಾನರೂ ತೀರಿಕೊಂಡಿದ್ದಾರೆ. “ಇಲ್ಲೆ ಆನಿ ಇಲ್ಲೇನ್ರಿ?” ಎಂದರು. ಇಲ್ಲಿನ ಚಳಿ ಒಗ್ಗುವುದಿಲ್ಲವೆಂದು ಎಂದೋ ಕಳಿಸಿಬಿಟ್ಟರು ಎಂದೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ?

ನಿನ್ನ ಜಂಬೋ ಆನೆಯ ಕಥೆ ತೆಗೆದೆ. ಲಂಡನ್ನಿನ ಝೂನವರು ಅದನ್ನು ಅಮೆರಿಕದ ಸರ್ಕಸ್ಸಿಗೆ ಮಾರಿದ್ದು, ಊರಿನ ಮಕ್ಕಳು ಅತ್ತದ್ದು, ಆನೆ ಬೀದಿಯಲ್ಲೇ ಮಲಗಿ ಹಠ ಹಿಡಿದದ್ದು. ತನ್ನ ಬಿಯರಿನಲ್ಲಿ ಅದಕ್ಕೂ ಪಾಲು ಕೊಡುತ್ತಿದ್ದ ಕೀಪರ್ ಜೊತೆಯಲ್ಲೇ ಬಂದದ್ದು, ಕೊನೆಗೆ ನಮ್ಮ ಪಕ್ಕದ ಕೆನಡಾದಲ್ಲೇ ಅದು ರೈಲಿಗೆ ಸಿಕ್ಕಿ ಸತ್ತದ್ದು. ಎಲ್ಲ ನೀನು ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಧಾಟಿಯಲ್ಲೇ. ನಡುವೆ ನನ್ನ ಇಂಗ್ಲಿಷನ್ನೂ ತೂರಿಸಿದೆ. “ಮ್ಯಾನ್ ಅಂಡ್ ಬೀಸ್ಟ್, ದೆ ವರ್... ದೆ ವರ್...”

“ಇನ್‌ಸೆಪರೇಬಲ್,” ಎಂದು ಅವರೇ ಪೂರ್ತಿ ಮಾಡಿದರು. “ಏನ್ ಓದೀರ್ರೀ ನೀವು! ನಮ್ಮನಿಯವ್ರು ಬರೇ ಸ್ಟಾಕ್ ಮಾರ್ಕೆಟ್ ಓದತಿದ್ರು.”

“ಹೀಗೇ, ಸ್ವಲ್ಪ ಇಂಟರೆಸ್ಟು,” ಎಂದೆ. ಯಾಕೆ ಹಾಗೆಂದೆ ಕಣೇ? ಹೊಗಳಿಸಿಕೊಂಡು ಎಷ್ಟು ಕಾಲವಾಗಿತ್ತೋ ಏನೋ...

ಇವತ್ತು ಮಧ್ಯಾಹ್ನ ಅವರ ಫೋನು. “ಭಾನುವಾರ ಎಲ್ಲಾರೂ ನಮ್ಮನಿಗೆ ಊಟಕ್ಕ ಬರ್ತಾರ. ಆನಿ ಕಥಿ ನೀವೇ ಹೇಳಬೇಕ್ರಿ. ಅಲ್ಲಾ, ಆನಿ ಸತ್ತ ಮ್ಯಾಲ ಆ ಕೀಪರ್ ಏನ್ ಮಾಡಿದಾ?”

ನನಗೆಲ್ಲಿ ಗೊತ್ತು? ನೀನು ಅಲ್ಲಿಗೆ ಬರುವಷ್ಟರಲ್ಲಿ ಪ್ರತಿ ಸಲವೂ ನಾನು, “ಆನೆ ಸತ್ತೋಯ್ತಲ್ಲ, ಮುಗೀತು ಬಿಡೇ,” ಎಂದು ಟೀವಿಯ ಸದ್ದು ಏರಿಸುತ್ತಿದ್ದೆ. ಮೊದಮೊದಲು ನೀನು ನಗುತ್ತಿದ್ದೆ. ಆಮೇಲೆ ನಗುವುದನ್ನೂ...

“ಕಥೆ ನಂದಲ್ಲ ಮೇಡಂ,” ಎಂದುಬಿಟ್ಟೆ. “ನನ್ನ ಹೆಂಡ್ತಿ ಹೇಳ್ತಿದ್ದದ್ದು. ನಾನು ಒಂದಿನಾನೂ ಕೊನೆ ತನಕ ಕೇಳ್ಲಿಲ್ಲ.”

ಅವರು ಬೈದಿದ್ದರೆ ಚೆನ್ನಾಗಿತ್ತು. “ಅವರ ಹೆಸರೇನ್ರಿ?” ಎಂದರು.

“ವಿಮಲಾ.”

“ಹಂಗಾರ ಆನೀದು ಇರಲಿ. ಭಾನುವಾರ ವಿಮಲಾ ಅವರ ಬಗ್ಗೆ ಹೇಳ್ರಿ.”

ಹೂಂ ಎಂದಿದ್ದೇನೆ. ಹೋಗುತ್ತೇನೆ. ಏನು ಹೇಳಲಿ ಎಂದು ಆಗಿನಿಂದ ಕುಳಿತಿದ್ದೇನೆ. ಲಂಡನ್ನನ್ನೇ ನೋಡದ ನೀನು ಆ ಆನೆಯನ್ನು ಅಷ್ಟೊಂದು ಯಾಕೆ ಹಚ್ಚಿಕೊಂಡಿದ್ದೆ? ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನೇ ಕೇಳಲಿಲ್ಲವಲ್ಲ ಕಣೇ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು...

ಅರೆ, ಬೆಳಕು ಹೋಗುತ್ತಿದೆ. ಬರೆದದ್ದು ಕಾಣಿಸುತ್ತಿಲ್ಲ.