ಬಾಲದ ಬುಡದ ಗೆರೆ

ಹಾನಗಲ್ಲ,
೧೪-೧೧-೧೯೬೧

ಪ್ರೀತಿಯ ಅಣ್ಣಾ,

ತಮ್ಮ ಮೈಲಾರಿಯ ನಮಸ್ಕಾರ. ಸಮುದ್ರದ ಗಾಳಿ ಈಗಾದರೂ ಮೈಗೆ ಒಗ್ಗಿತೇ? ಕೆಮ್ಮು ಹೇಗಿದೆ? ನಾನು ದೀಪಾವಳಿ ರಜೆಗೆ ಧಾರವಾಡದ ಹಾಸ್ಟೆಲಿನಿಂದ ಬಂದಿದ್ದೇನೆ. ಅವ್ವ ಆರಾಮ. ಬಂದರಿನ ಆಫೀಸಿನಲ್ಲಿ ನಕಾಶೆ ಬಿಡಿಸುವ ನಿನ್ನ ಕೆಲಸ ಪರ್ಮನೆಂಟ್ ಆಗುತ್ತದೆಂದು ಕೇಳಿದಾಗಿನಿಂದ, "ನಮ್ಮ ಉಳಿವೆಪ್ಪ ಸರಕಾರಕ್ಕ ಸಮುದ್ರಾನ ಬರದು ಕೊಡ್ತಾನ್ರಿ" ಎಂದು ಓಣಿಗೆಲ್ಲ ಹೇಳಿದ್ದಾಳೆ. ಓದು ಬಾರದವಳು, ಪ್ರತಿ ಕಾರ್ಡಿನ ಮೂಲೆಗೆ ನೀನು ಬಿಡಿಸುವ ಚಿತ್ರ ನೋಡಿಯೇ ನೀನು ಸುಖವಾಗಿದ್ದೀ ಎನ್ನುತ್ತಾಳೆ.

ನೀನು ಮೀನಿನ ಚಿತ್ರ ಬಿಡಿಸಿ ಇದು ಯಾವುದೆಂದು ಕೇಳಿದ ಪತ್ರ ಹಾಸ್ಟೆಲ್ ಸುತ್ತಿ ನಿನ್ನೆ ಇಲ್ಲಿಗೆ ಬಂತು. ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿದೆ. ತಾಟಿನಂಥ ಚಪ್ಪಟೆ ಮೈ, ಪುಟ್ಟ ಬಾಯಿ, ಪಕ್ಕದ ರೆಕ್ಕೆಗೆ ಹಳದಿ ಅಂಚು, ಬಾಲದ ಬುಡಕ್ಕೆ ಬಿಳಿ ಪಟ್ಟಿ. ಸರ್ಜನ್ ಫಿಶ್, ಅದರಲ್ಲೂ ಹಳದಿ ರೆಕ್ಕೆಯ ಜಾತಿ. ನೀನು ಕೇಳಿದ, ಎಷ್ಟು ಹಿಡಿಯಬಹುದೆಂಬ ಲಿಮಿಟ್ ಪುಸ್ತಕದಲ್ಲಿಲ್ಲ. ನಿಮ್ಮ ದೋಣಿಯವನ ಮಾತನ್ನೇ ಕಾಯಿದೆ ಎಂದುಕೋ. ಮೋಜಿಗೆ ಗಾಳ ಹಾಕುವವರು ಎರಡೇ ಒಯ್ಯಬೇಕು, ಗೇಣಿಗಿಂತ ಸಣ್ಣದನ್ನು ನೀರಿಗೆ ಬಿಡಬೇಕು ಎನ್ನುತ್ತಾನಲ್ಲ, ಅದೇ ಸರಿ. "ಮೂರನೇದು ನಿನ್ನ ಕಾಲೇಜಿನ ಬಾಟ್ಲಿಗೆ, ರವಿವಾರ ಹಿಡದು ಕಳಸ್ತೇನಿ" ಎಂದು ಬರೆದಿದ್ದೀ. ಬ್ಯಾಡ ಅಣ್ಣಾ, ನನಗೆ ಯಾವ ಸ್ಪೆಸಿಮನ್ನೂ ಬ್ಯಾಡ.

ಯಾಕೆಂದರೆ, ಬಾಲದ ಬುಡದಲ್ಲಿ ನೀನು ಎಳೆದ ಸಣ್ಣ ಗೆರೆ ನೀನು ಅಂದುಕೊಂಡಂತೆ ಹಳೆಯ ಗಾಯವಲ್ಲ. ಮಡಚಿಟ್ಟ ಚೂರಿಯಂಥ ಮುಳ್ಳು. ಎರಡೂ ಬದಿಗೆ ಇರುತ್ತದೆ, ಮೀನು ಬಾಲ ಬಡಿದಾಗ ತೆರೆದುಕೊಳ್ಳುತ್ತದೆ. ಆನಿಕೆರೆಯಲ್ಲಿ ಚೇಳುಮೀನು ಹಿಡಿಯುವಾಗ ಅಪ್ಪ, "ಮುಳ್ಳು ತಲೀ ಕಡೆ ಇರ್ತಾವಲೇ, ಬಾಲದ ಬುಡಕ್ಕ ಗಟ್ಟಿ ಹಿಡೀರಿ" ಎಂದು ನಮ್ಮಿಬ್ಬರಿಗೂ ಕಲಿಸಿದ್ದು ನೆನಪಿದೆಯಲ್ಲ? ಆ ಹಿಡಿತ ಕೆರೆಗೆ ಸರಿ. ಸಮುದ್ರದ ಈ ಮೀನನ್ನು ಹಾಗೆ ಹಿಡಿದರೆ ಬೆರಳಿನ ನರವೇ ಹೋದೀತು. ನಮ್ಮ ಕೈ ಮಾತ್ರ ಯೋಚಿಸದೆ ಬಾಲಕ್ಕೇ ಹೋಗುತ್ತದೆ. ಮೊನ್ನೆ ರವಿವಾರ ನೀನು ಹೋಗಿರದಿದ್ದರೆ ಸಾಕು.

ಅವ್ವನ ಆಶೀರ್ವಾದ ಇದರೊಳಗೇ ಇದೆ. ಬಿಸಿನೀರು ಕುಡಿ.

ನಿನ್ನ
ಮೈಲಾರಿ

ತಾ.ಕ.: ಲಕೋಟೆ ಅಂಟಿಸುವಾಗ ನಿನ್ನ ಕಾರ್ಡು ಬಂತು. "ಕೈಗೆ ಜರಾ ಗಾಯ, ಕಾಳಜಿ ಬ್ಯಾಡ" ಎಂದಿದೆ. ಅಕ್ಷರ ನಿನ್ನದಲ್ಲ. ಬಲಗೈಯೇ? ಬೆರಳು ಮಡಚಲು ಬರುತ್ತವೆಯೇ? ಅದಷ್ಟನ್ನು ಯಾರಿಂದಾದರೂ ಬರೆಸು. ನಾನಿನ್ನೂ ಅವ್ವನಿಗೆ ಓದಿ ಹೇಳಿಲ್ಲ. ಅವಳು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಚಿತ್ರ ಎಲ್ಲೈತೋ ಮೈಲಾರಿ?" ಎಂದು ಕೇಳುತ್ತಲೇ ಇದ್ದಾಳೆ.